ಚೆನ್ನಾಗಿದೆ ಅಂದರು, ಸರಿ, ಎಲ್ಲಿ ಕೆಮ್ಮಿದರು?

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಹರೆಯದ ಹೊಸ್ತಿಲಲ್ಲಿ ನಿಂತ ಹುಡುಗ ಹುಡುಗಿಯರು, ಅವರ ಮನೆ, ಆ ಮನೆಯ ಜಗಳ ಮತ್ತು ಮೌನ. ಇಂಥ ಕೌಟುಂಬಿಕ ಚಿತ್ರಗಳನ್ನು ಜನ ಹೇಗೆ ನೋಡುತ್ತಾರೆ, ಏನು ಹೇಳುತ್ತಾರೆ, ಹೇಳದೆ ಏನು ಉಳಿಸಿಕೊಳ್ಳುತ್ತಾರೆ ಎಂಬುದರ ಬಗ್ಗೆ ಈ ಸಲ ಪತ್ರಗಳು ಹೆಚ್ಚು. ಚಿತ್ರ ಮಾಡಿದವರೂ ಬರೆದಿದ್ದಾರೆ, ಟಿಕೆಟ್ ಕೊಂಡು ನೋಡಿದವರೂ ಬರೆದಿದ್ದಾರೆ. ಸಂಕಲನ, ಧ್ವನಿ, ಪ್ರದರ್ಶನ ಈ ಮೂರು ವಿಭಾಗ ಬಲ್ಲವರು ಸೇರಿ ಉತ್ತರಿಸಿದ್ದಾರೆ.

ಪ್ರಶ್ನೆ: ಹದಿನೈದರ ಹುಡುಗಿ, ಸಾಲಕ್ಕೆ ಸಿಕ್ಕ ಅಪ್ಪ, ಮಾತು ಬಿಟ್ಟ ಅಜ್ಜಿ: ಇದು ನಮ್ಮ ಚಿತ್ರದ ಕಥೆ. ಅವಧಿ 2 ಗಂಟೆ 6 ನಿಮಿಷ. ಸಂಕಲನ ಒಂದು ಹಂತಕ್ಕೆ ಬಂದ ಮೇಲೆ ಚಿಕ್ಕ ಪ್ರಿವ್ಯೂ ಹಾಲ್ ಒಂದರಲ್ಲಿ 40 ಜನಕ್ಕೆ ತೋರಿಸಿದೆವು. ಹೊರಗೆ ಬಂದವರೆಲ್ಲ ಕೈ ಕುಲುಕಿ ‘ಚೆನ್ನಾಗಿದೆ’ ಅಂದರು. ನಿರ್ಮಾಪಕರಿಗೆ ಖುಷಿ, ನನಗೆ ಮಾತ್ರ ನಂಬಿಕೆ ಬರುತ್ತಿಲ್ಲ. ಇನ್ನೊಮ್ಮೆ ತೋರಿಸಬೇಕೆ? ಹೇಗೆ? (ನಿರ್ದೇಶಕಿ, ಹನುಮಂತನಗರ)

ಉತ್ತರ: ತೋರಿಸಲೇಬೇಕು. ಬಾಗಿಲ ಬಳಿ ಕೈ ಕುಲುಕಿ ಆಡುವ ಮಾತು ಮರ್ಯಾದೆಯ ಮಾತು. ನೀವು ವರ್ಷಗಟ್ಟಲೆ ಕಷ್ಟಪಟ್ಟಿದ್ದೀರಿ ಎಂದು ಗೊತ್ತಿದ್ದೂ ಎದುರು ನಿಂತು ‘ನನಗೆ ಹಿಡಿಸಲಿಲ್ಲ’ ಎನ್ನುವಷ್ಟು ಕಲ್ಲು ಮನಸ್ಸು ಯಾರಿಗಿದೆ? ನಿಜವಾದ ಪ್ರತಿಕ್ರಿಯೆ ಅದಕ್ಕೂ ಮೊದಲೇ, ಕತ್ತಲಲ್ಲಿ, ಅವರಿಗೇ ಗೊತ್ತಾಗದಂತೆ ಮೈಯಿಂದ ಬಂದಾಗಿರುತ್ತದೆ. ಕೆಮ್ಮು, ಕುರ್ಚಿಯ ಕಿರುಗುಟ್ಟುವಿಕೆ, ಮೊಬೈಲಿನ ಬೆಳಕು, ಇಡೀ ಹಾಲ್ ಉಸಿರು ಹಿಡಿದು ಕೂತ ಹೊತ್ತು. ಮೊದಲ ಪ್ರದರ್ಶನದಲ್ಲಿ ಇದನ್ನು ಹಿಡಿದಿಡುವ ವ್ಯವಸ್ಥೆ ಇರಲಿಲ್ಲ, ಅಷ್ಟೆ.

ಮೊದಲು ಜನರನ್ನು ಸರಿಯಾಗಿ ಸೇರಿಸಿ. 40 ಸಾಕು, 60 ಮೀರುವುದು ಬೇಡ. ನಿಮ್ಮ ಕಥೆಗೆ 13ರಿಂದ 17 ವಯಸ್ಸಿನವರು ಹತ್ತು ಮಂದಿ, 18ರಿಂದ 25ರವರು ಹತ್ತು, 35ರಿಂದ 50ರ ತಂದೆತಾಯಂದಿರು ಹದಿನೈದು, 60 ದಾಟಿದವರು ಐದಾರು ಮಂದಿ ಬೇಕು. ಹದಿನೆಂಟು ತುಂಬದ ಮಕ್ಕಳಿಗೆ ಹೆತ್ತವರ ಒಪ್ಪಿಗೆ ಬರಹದಲ್ಲಿ ಪಡೆಯಿರಿ. ತಂಡದವರ ಬಂಧುಗಳು ಬೇಡ. ಚಿತ್ರರಂಗದವರಂತೂ ಬೇಡವೇ ಬೇಡ, ಅವರ ಕಣ್ಣು ಲೈಟಿಂಗಿನ ಮೇಲೆ ಹೋಗುತ್ತದೆ. 1971ರಲ್ಲಿ ಶುರುವಾದ ಬನಶಂಕರಿಯ ಸುಚಿತ್ರಾ ಫಿಲ್ಮ್ ಸೊಸೈಟಿಯಂಥ ಕಡೆ ನಿಯಮಿತವಾಗಿ ಚಿತ್ರ ನೋಡುವವರು ಪಳಗಿದ ಪ್ರೇಕ್ಷಕರು. ನಿಧಾನದ ಚಿತ್ರವನ್ನೂ ತಾಳ್ಮೆಯಿಂದ ನೋಡುತ್ತಾರೆ. ಅವರಲ್ಲಿ ನಾಲ್ಕೈದು ಜನ ಇರಲಿ, ಅವರೇ ತುಂಬಿಕೊಂಡರೆ ಲೆಕ್ಕ ತಪ್ಪುತ್ತದೆ. ಒಂದೇ ಬಡಾವಣೆಯಿಂದಲೂ ತುಂಬಬೇಡಿ. ಪೀಣ್ಯ, ಕೆಂಗೇರಿ, ಯಲಹಂಕ ಕಡೆಯವರನ್ನೂ ಕರೆಯಿರಿ. ಸಾಲದ ಕಥೆಯನ್ನು ಸ್ವಂತ ಮನೆಯವರು ನೋಡುವುದಕ್ಕೂ ಬಾಡಿಗೆ ಮನೆಯವರು ನೋಡುವುದಕ್ಕೂ ಬಹಳ ಅಂತರ. ಕರೆಯುವಾಗ ಕಥೆಯನ್ನು ಎರಡು ಸಾಲಿನಲ್ಲಿ ಹೇಳಿ, ಅವಧಿ ಹೇಳಿ. ನಿರ್ದೇಶಕರು ಯಾರು, ಎಷ್ಟು ಖರ್ಚಾಗಿದೆ ಎಂಬುದೆಲ್ಲ ಬೇಡ.

ಹೊತ್ತು ಶನಿವಾರ ಸಂಜೆ ನಾಲ್ಕೂವರೆ ಒಳ್ಳೆಯದು. ರಾತ್ರಿ ಇಟ್ಟರೆ ಕೊನೆಯ ಇಪ್ಪತ್ತು ನಿಮಿಷ ಜನ ಮೆಟ್ರೊ ಸಿಗುತ್ತದೋ ಇಲ್ಲವೋ ಎಂದು ಗಡಿಯಾರ ನೋಡುತ್ತಾರೆ. ನೀವು ಅದನ್ನು ‘ಕ್ಲೈಮ್ಯಾಕ್ಸ್ ಹಿಡಿಯಲಿಲ್ಲ’ ಎಂದು ಬರೆದುಕೊಂಡು ಚೆನ್ನಾಗಿರುವ ಕ್ಲೈಮ್ಯಾಕ್ಸನ್ನೇ ಕತ್ತರಿಸುತ್ತೀರಿ.

ಪ್ರತಿ ಅಪೂರ್ಣವಾಗಿದ್ದರೂ ಪರವಾಗಿಲ್ಲ, ಬಣ್ಣ ಹೊಂದಾಣಿಕೆ ಆಗಿರದಿದ್ದರೂ ನಡೆಯುತ್ತದೆ. ಮಾತು ಮಾತ್ರ ಸ್ಪಷ್ಟವಾಗಿ ಕೇಳಬೇಕು. ಪ್ರೇಕ್ಷಕರು ಬಣ್ಣದ ಕೊರತೆಯನ್ನು ಹತ್ತು ನಿಮಿಷದಲ್ಲಿ ಮರೆಯುತ್ತಾರೆ, ಕೇಳಿಸದ ಮಾತನ್ನು ಮರೆಯುವುದಿಲ್ಲ. ಶುರುವಿನಲ್ಲಿ ‘ಇದು ಕೆಲಸ ನಡೆಯುತ್ತಿರುವ ಪ್ರತಿ’ ಎಂಬ ಒಂದು ಫಲಕ ಹಾಕಿ. ಭಾಷಣ ಬೇಡ.

ಇನ್ನು ಮುಖ್ಯ ಕೆಲಸ. ಪರದೆಯ ಕೆಳಗೆ, ಪ್ರೇಕ್ಷಕರ ಕಡೆಗೆ ಮುಖ ಮಾಡಿ ಒಂದು ಚಿಕ್ಕ ಆಡಿಯೊ ರೆಕಾರ್ಡರ್ ಇಡಿ. ಧ್ವನಿ ದಾಖಲಾಗುತ್ತಿದೆ ಎಂದು ಮೊದಲೇ ಎಲ್ಲರಿಗೂ ತಿಳಿಸಿ. ಚಿತ್ರದ ಮೊದಲ ಫ್ರೇಮಿಗೆ ಎರಡು ಸೆಕೆಂಡು ಮುಂಚೆ ಬರುವ ಒಂದು ಫ್ರೇಮಿನ ‘ಬೀಪ್’ ಇರುತ್ತದಲ್ಲ, ಅದು ಆ ರೆಕಾರ್ಡಿಂಗಿನಲ್ಲೂ ಬೀಳುತ್ತದೆ. ಇಂಟರ್ವಲ್ ಕೊಟ್ಟರೆ ದ್ವಿತೀಯಾರ್ಧದ ಶುರುವಿಗೂ ಒಂದು ಬೀಪ್ ಹಾಕಿ. ಮರುದಿನ ಸಂಕಲನದ ಟೈಮ್‌ಲೈನಿನಲ್ಲಿ ಚಿತ್ರದ ಬೀಪನ್ನೂ ರೆಕಾರ್ಡಿಂಗಿನ ಬೀಪನ್ನೂ ಒಂದಕ್ಕೊಂದು ಹೊಂದಿಸಿ, ಹಾಲಿನ ಸದ್ದನ್ನು ಚಿತ್ರದ ಕೆಳಗೆ ಒಂದು ಪಟ್ಟಿಯಾಗಿ ಇಟ್ಟುಬಿಡಿ. ಈಗ ಯಾವ ಶಾಟಿನಲ್ಲಿ ನಕ್ಕರು, ಯಾವ ಮಾತಿಗೆ ಕೆಮ್ಮು ನಿಂತಿತು ಎಂಬುದು ಸೆಕೆಂಡಿನ ಲೆಕ್ಕದಲ್ಲಿ ಸಿಗುತ್ತದೆ. ಎರಡು ಗಂಟೆಯಲ್ಲಿ ರೆಕಾರ್ಡರ್ ಕೆಲವು ಫ್ರೇಮ್ ಆಚೀಚೆ ಸರಿದರೂ ಈ ಕೆಲಸಕ್ಕೆ ತೊಂದರೆಯಿಲ್ಲ.

ಜೊತೆಗೆ ಇಬ್ಬರು ವೀಕ್ಷಕರನ್ನು ಮುಂದಿನ ಸಾಲಿನ ಎರಡು ತುದಿಗಳಲ್ಲಿ ಓರೆಯಾಗಿ ಕೂರಿಸಿ. ಹಿಂದೆ ಕೂತರೆ ತಲೆಗಳು ಕಾಣುತ್ತವೆ, ಮುಖ ಕಾಣುವುದಿಲ್ಲ. ಅವರು ಬರೆಯಬೇಕಾದ್ದು ಸಮಯ ಮತ್ತು ಕಂಡದ್ದು ಮಾತ್ರ: ‘48 ನಿಮಿಷ, ಮೂರು ಮೊಬೈಲ್, ಎಲ್ಲ ಎಡಭಾಗ’, ‘71 ನಿಮಿಷ, ಹುಡುಗಿಯರು ಪರದೆ ಬಿಟ್ಟು ಒಬ್ಬರನ್ನೊಬ್ಬರು ನೋಡಿಕೊಂಡರು’. ‘ಬೋರ್ ಆಯಿತು’ ಎಂಬ ತೀರ್ಪು ಬರೆಯುವಂತಿಲ್ಲ. ಒಂದು ಮೊಬೈಲ್ ಬೆಳಗಿದರೆ ಅದು ಆ ಮನುಷ್ಯನ ವಿಷಯ. ಒಂದೇ ನಿಮಿಷದೊಳಗೆ ಬೇರೆ ಬೇರೆ ಸಾಲಿನಲ್ಲಿ ಮೂರು ಬೆಳಗಿದರೆ ಅದು ಚಿತ್ರದ ವಿಷಯ.

ಮುಗಿದ ಕೂಡಲೇ ಯಾರೂ ಮಾತಾಡುವ ಮೊದಲು ಪ್ರಶ್ನೆಪತ್ರ ಹಂಚಿ. ಎ4 ಹಾಳೆ ಒಂದೇ, ಎರಡೂ ಬದಿ, ಅಕ್ಷರ 14 ಪಾಯಿಂಟ್ (ಹಿರಿಯರು ಕನ್ನಡಕ ತಂದಿರುವುದಿಲ್ಲ). 40 ಜನಕ್ಕೆ 50 ಪೆನ್ನು ಇರಲಿ. ತಾಯಿ ಮಗಳು ಒಟ್ಟಿಗೆ ಬಂದಿದ್ದರೆ ಬೇರೆ ಬೇರೆ ಕೂತು ತುಂಬಲಿ. ಹತ್ತು ನಿಮಿಷ ಕೊಡಿ. ಪ್ರಶ್ನೆಗಳ ಕ್ರಮ ಮುಖ್ಯ: ‘ಈಗ ಕಣ್ಣು ಮುಚ್ಚಿದರೆ ಯಾವ ದೃಶ್ಯ ಎದುರಿಗೆ ಬರುತ್ತದೆ?’ ಎಂಬುದು ಮೊದಲು. ಆಮೇಲೆ ‘ಎಲ್ಲಿ ಏನಾಗುತ್ತಿದೆ ಎಂದು ತಿಳಿಯಲಿಲ್ಲ?’, ‘ಯಾರ ಮೇಲೆ ಸಿಟ್ಟು ಬಂತು, ಯಾವಾಗ?’, ‘ಅಜ್ಜಿ ಯಾಕೆ ಮಾತು ಬಿಟ್ಟರು?’ ಕೊನೆಯದು ಅಭಿಪ್ರಾಯ ಕೇಳುವ ಪ್ರಶ್ನೆಯಲ್ಲ, ಅರ್ಥವಾಗಿದೆಯೇ ಎಂದು ಪರೀಕ್ಷಿಸುವ ಪ್ರಶ್ನೆ. ಇಡೀ ಚಿತ್ರ ಹೇಗಿತ್ತು ಎಂಬ ಐದು ಮೆಟ್ಟಿಲಿನ ಪ್ರಶ್ನೆ ಹಾಳೆಯ ಕೊನೆಗೆ ಬರಲಿ. ಮೊದಲೇ ಕೇಳಿದರೆ ಆ ಉತ್ತರವನ್ನು ಸಮರ್ಥಿಸಿಕೊಳ್ಳುವಂತೆಯೇ ಉಳಿದವನ್ನೆಲ್ಲ ತುಂಬುತ್ತಾರೆ.

ಮಧ್ಯದ ಭಾಗಕ್ಕೆ ಪ್ರತ್ಯೇಕ ಪ್ರಶ್ನೆ ಇರಲೇಬೇಕು. ಮನಶ್ಶಾಸ್ತ್ರಜ್ಞ ಡೇನಿಯಲ್ ಕಾಹ್ನೆಮನ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ ಜನ 14 ಡಿಗ್ರಿ ತಣ್ಣೀರಿನಲ್ಲಿ 60 ಸೆಕೆಂಡು ಕೈ ಇಟ್ಟರು. ಇನ್ನೊಮ್ಮೆ ಅದೇ 60 ಸೆಕೆಂಡಿನ ಮೇಲೆ ಇನ್ನೂ 30 ಸೆಕೆಂಡು, ನೀರು ತುಸು ಬೆಚ್ಚಗಾಗುತ್ತಿರುವಾಗ. ಯಾವುದನ್ನು ಮತ್ತೆ ಮಾಡುತ್ತೀರಿ ಎಂದರೆ ಹೆಚ್ಚಿನವರು ಉದ್ದದ್ದನ್ನೇ ಆರಿಸಿದರು. ಮುಗಿಯುವ ಗಳಿಗೆ ಹಿತವಾಗಿದ್ದರೆ ನಡುವಿನ ಕಷ್ಟ ನೆನಪಿನಿಂದ ಜಾರುತ್ತದೆ. ಸಿನಿಮಾದಲ್ಲೂ ಹೀಗೆಯೇ. ಅಪ್ಪ ಮಗಳು ಒಂದಾಗುವ ಕೊನೆಯ ದೃಶ್ಯಕ್ಕೆ ಕಣ್ಣೊರೆಸಿಕೊಂಡವರು 50ರಿಂದ 75ನೇ ನಿಮಿಷದವರೆಗೆ ತಾವು ಚಡಪಡಿಸಿದ್ದನ್ನು ಬರೆಯುವುದೇ ಇಲ್ಲ. ಅದನ್ನು ಹೇಳುವುದು ರೆಕಾರ್ಡರ್ ಮತ್ತು ಮುಂದೆ ಕೂತ ಇಬ್ಬರು.

ಹಾಳೆ ವಾಪಸ್ ಬಂದ ಮೇಲೆ ಹತ್ತು ಹನ್ನೆರಡು ಜನರನ್ನು ಉಳಿಸಿಕೊಂಡು ಇಪ್ಪತ್ತು ನಿಮಿಷ ಮಾತಾಡಿಸಿ. ಮಾತಾಡಿಸುವವರು ನೀವಾಗಬಾರದು. ನೀವು ಹಿಂದಿನ ಸಾಲಿನಲ್ಲಿ ಕೂತು ಬಾಯಿ ಬಿಡದೆ ಕೇಳಿ. ‘ಅಲ್ಲ, ಆ ದೃಶ್ಯದ ಉದ್ದೇಶ ಏನಂದ್ರೆ...’ ಎಂದು ನೀವು ಒಮ್ಮೆ ವಿವರಿಸಿದರೆ ಅಲ್ಲಿಗೆ ಮಾತುಕತೆ ಮುಗಿಯಿತು.

ಶೇಕಡಾವಾರು ಲೆಕ್ಕ ಹಾಕಬೇಡಿ. 40ರಲ್ಲಿ 20 ಜನ ಮೆಚ್ಚಿದರೆ ಊರಿನಲ್ಲಿ ಅರ್ಧ ಜನ ಮೆಚ್ಚುತ್ತಾರೆ ಎಂದಲ್ಲ. ಇಷ್ಟು ಸಣ್ಣ ಗುಂಪಿನಲ್ಲಿ ನಿಜವಾದ ಅಂಕಿ ಶೇಕಡಾ 35ರಿಂದ 65ರ ನಡುವೆ ಎಲ್ಲಿಯೂ ಇರಬಹುದು. ಮತ ಎಣಿಸುವುದಕ್ಕಲ್ಲ, ಜಾಗ ಹುಡುಕುವುದಕ್ಕೆ ಈ ಪ್ರದರ್ಶನ.

ಪ್ರಶ್ನೆ: ಪ್ರಿವ್ಯೂನಲ್ಲಿ ಬಂದ ಚೀಟಿಗಳ ಕಟ್ಟು ನನ್ನ ಮುಂದಿದೆ. ‘ಸ್ವಲ್ಪ ಸ್ಲೋ’, ‘ಮೇಕಿಂಗ್ ಚೆನ್ನಾಗಿದೆ’, ‘ಒಂದ್ಸಲ ನೋಡ್ಬೋದು’, ‘ಸೆಕೆಂಡ್ ಹಾಫ್ ಲ್ಯಾಗ್’. ಇದರಿಂದ ಏನು ಮಾಡಲಿ? (ಸಹಾಯಕ ಸಂಕಲನಕಾರ, ನಾಗರಬಾವಿ)

ಉತ್ತರ: ಇವು ನಮ್ಮ ಪ್ರೇಕ್ಷಕರ ಸಂಕೇತ ಭಾಷೆ. ಬಿಡಿಸಿ ಓದಿದರೆ ತುಂಬ ಹೇಳುತ್ತವೆ.

‘ಮೇಕಿಂಗ್ ಚೆನ್ನಾಗಿದೆ’ ಎಂದರೆ ಮನಸ್ಸು ಕಥೆಯೊಳಗೆ ಹೋಗಲಿಲ್ಲ ಎಂದರ್ಥ. ಕಥೆ ಹಿಡಿದಿದ್ದರೆ ಅವರಿಗೆ ಮೇಕಿಂಗ್ ಕಾಣುತ್ತಲೇ ಇರಲಿಲ್ಲ. ‘ಎಲ್ಲರೂ ಚೆನ್ನಾಗಿ ಆಕ್ಟ್ ಮಾಡಿದ್ದಾರೆ’ ಎಂಬುದೂ ಬಹುಪಾಲು ಹೀಗೆಯೇ. ‘ಆ ಅಜ್ಜಿನ ನೋಡಿದ್ರೆ ನಮ್ಮಜ್ಜಿ ನೆನಪಾದ್ರು’ ಎಂದು ಬರೆದಿದ್ದರೆ ಆ ಪಾತ್ರ ಗೆದ್ದಿದೆ. ‘ಒಂದ್ಸಲ ನೋಡ್ಬೋದು’ ಎನ್ನುವವರು ಬೇರೆಯವರಿಗೆ ಹೇಳಿ ಕಳಿಸುವುದಿಲ್ಲ. ‘ಫ್ಯಾಮಿಲಿ ಸಮೇತ ನೋಡ್ಬೋದು’ ಎಂಬುದು ಮುಜುಗರದ ದೃಶ್ಯವಿಲ್ಲ ಎಂಬ ಪ್ರಮಾಣಪತ್ರ, ಚಿತ್ರ ತಟ್ಟಿತು ಎಂಬುದಕ್ಕೆ ಸಾಕ್ಷಿಯಲ್ಲ. ಅದಕ್ಕಿಂತ ‘ಅಮ್ಮನಿಗೆ ತೋರಿಸ್ಬೇಕು’ ಎಂದು ಒಬ್ಬರ ಹೆಸರು ಹಿಡಿದು ಬರೆದ ಚೀಟಿಗೆ ಹತ್ತು ಪಟ್ಟು ಬೆಲೆ ಕೊಡಿ.

‘ಸ್ಲೋ’ ಎಂಬ ಮಾತಿನ ಹಿಂದೆ ಮೂರು ಬೇರೆ ಬೇರೆ ಕಾಯಿಲೆಗಳು ಇರಬಹುದು. ಮುಂದೇನಾಗುತ್ತದೆ ಎಂದು ಗೊತ್ತಾಗಿಬಿಟ್ಟಿದೆ, ಚಿತ್ರ ಇನ್ನೂ ಅಲ್ಲಿಗೆ ಬಂದಿಲ್ಲ. ಇಲ್ಲವೇ ಈ ಹುಡುಗಿಗೆ ಏನು ಬೇಕು ಎಂದೇ ತಿಳಿದಿಲ್ಲ, ಹಾಗಾಗಿ ಕಾಯುವುದಕ್ಕೆ ಕಾರಣವಿಲ್ಲ. ಇಲ್ಲವೇ ಒಂದೇ ವಿಷಯವನ್ನು ಎರಡು ದೃಶ್ಯಗಳು ಹೇಳುತ್ತಿವೆ. ಮೊದಲನೆಯದಕ್ಕೆ ಕತ್ತರಿ, ಮೂರನೆಯದಕ್ಕೂ ಕತ್ತರಿ. ಎರಡನೆಯದಕ್ಕೆ ಕತ್ತರಿ ಹಾಕಿದರೆ ರೋಗ ಹೆಚ್ಚುತ್ತದೆ, ಅಲ್ಲಿ ಒಂದು ದೃಶ್ಯ ಸೇರಿಸಬೇಕು.

‘ಸೆಕೆಂಡ್ ಹಾಫ್ ಲ್ಯಾಗ್’ ಎಂದು ಹತ್ತು ಜನ ಬರೆದಿದ್ದರೂ ದ್ವಿತೀಯಾರ್ಧದ ಮೇಲೆ ತಕ್ಷಣ ಕೈ ಹಾಕಬೇಡಿ. ನೋವು ಕಾಣಿಸಿದ ಕಡೆಯೇ ಕಾರಣ ಇರುವುದಿಲ್ಲ. ಮೊದಲ ಇಪ್ಪತ್ತು ನಿಮಿಷದಲ್ಲಿ ಮನೆಯವರ ನಡುವೆ ಪ್ರೀತಿ ಇದೆ ಎಂದು ಪ್ರೇಕ್ಷಕರಿಗೆ ಅನಿಸಿರದಿದ್ದರೆ, ಎಂಬತ್ತನೇ ನಿಮಿಷದಲ್ಲಿ ಆ ಮನೆ ಒಡೆಯುವಾಗ ಅವರಿಗೆ ಏನೂ ಅನಿಸುವುದಿಲ್ಲ. ಆಗ ಚೀಟಿಯಲ್ಲಿ ಬರುವ ಪದ ‘ಲ್ಯಾಗ್’. ಪ್ರೇಕ್ಷಕರು ಸೂಚಿಸುವ ಮದ್ದನ್ನು (ಒಂದು ಹಾಡು ಬೇಕಿತ್ತು, ಕಾಮಿಡಿ ಬೇಕಿತ್ತು) ಪಕ್ಕಕ್ಕಿಡಿ. ಅವರು ತೋರಿಸಿದ ಜಾಗವನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ.

ಚೀಟಿಗಳನ್ನು ಓದುವ ಮೊದಲು ವಯಸ್ಸಿನ ಪ್ರಕಾರ ನಾಲ್ಕು ಗುಂಪು ಮಾಡಿ. ಒಟ್ಟಿಗೆ ಓದಿದರೆ ಮಕ್ಕಳ ದನಿ ದೊಡ್ಡವರ ಉದ್ದುದ್ದ ವಾಕ್ಯಗಳ ಕೆಳಗೆ ಹೂತುಹೋಗುತ್ತದೆ. ಹದಿನಾಲ್ಕರ ಹುಡುಗ ‘ಪರ್ವಾಗಿಲ್ಲ’ ಎಂದು ಒಂದೇ ಪದ ಬರೆದಿರುತ್ತಾನೆ. ಆದರೆ ‘ಕಣ್ಣು ಮುಚ್ಚಿದರೆ’ ಪ್ರಶ್ನೆಗೆ ‘ಅವನು ಶೂ ಬಚ್ಚಿಡೋದು’ ಎಂದು ಬರೆದಿರುತ್ತಾನೆ. ನಿಮಗೆ ಬೇಕಾದ್ದು ಅದು.

ಪ್ರಶ್ನೆ: ನಮ್ಮ ಚಿತ್ರದಲ್ಲಿ ಮಗ ಅಪ್ಪನ ಎದುರು ಮೊದಲ ಸಲ ದನಿ ಎತ್ತುತ್ತಾನೆ. ಎಡಿಟಿಂಗ್ ರೂಮಿನಲ್ಲಿ ನೋಡಿದವರೆಲ್ಲ ಕಣ್ಣೀರು ಹಾಕಿದ್ದರು. ಹಾಲಿನಲ್ಲಿ ಅದೇ ಜಾಗಕ್ಕೆ ಜನ ನಕ್ಕರು. ಕೈಕಾಲು ತಣ್ಣಗಾಯಿತು. ದೃಶ್ಯ ತೆಗೆದುಬಿಡಬೇಕೆ? (ಬರಹಗಾರ, ಮಲ್ಲೇಶ್ವರ)

ಉತ್ತರ: ತೆಗೆಯಬೇಡಿ. ಮೊದಲು ಆ ನಗು ಎಂಥದ್ದು ಎಂದು ಕೇಳಿಸಿಕೊಳ್ಳಿ. ನಗು ಒಬ್ಬಂಟಿಯ ಕೆಲಸವಲ್ಲ. ಅಮೆರಿಕದ ವಿಜ್ಞಾನಿ ರಾಬರ್ಟ್ ಪ್ರೊವೈನ್ ಕಂಡುಕೊಂಡಂತೆ ಮನುಷ್ಯ ಒಬ್ಬನೇ ಇದ್ದಾಗ ನಗುವುದಕ್ಕಿಂತ ಜೊತೆಯಲ್ಲಿದ್ದಾಗ ನಗುವುದು ಸುಮಾರು 30 ಪಟ್ಟು ಹೆಚ್ಚು. ಎಡಿಟಿಂಗ್ ರೂಮಿನ ಮೂರು ಜನರಲ್ಲಿ ಹೊರಬರದ ನಗು 300 ಜನರ ಹಾಲಿನಲ್ಲಿ ಬರುವುದು ಇದಕ್ಕೇ.

ಹಿಂದಿನ ಸಾಲಿನ ಹುಡುಗರಿಂದ ಚುರುಕಾಗಿ ಬಂದು, ಒಂದು ಸೆಕೆಂಡಿನೊಳಗೆ ತಟ್ಟನೆ ನಿಂತು, ಆಮೇಲೆ ಹಾಲ್ ಪೂರ್ತಿ ನಿಶ್ಶಬ್ದವಾಯಿತೆ? ಅದು ಮುಜುಗರದ ನಗು. ಅಪ್ಪನಿಗೆ ಎದುರಾಡುವುದನ್ನು ಅಕ್ಕಪಕ್ಕದವರ ಜೊತೆ ಕೂತು ನೋಡುವಾಗ ಎದೆ ಬಿಗಿಯುತ್ತದೆ, ಆ ಬಿಗಿತ ಹೀಗೆ ಹೊರಬರುತ್ತದೆ. ದೃಶ್ಯ ನಾಟಿದೆ ಎಂದೇ ಅರ್ಥ, ಹಾಗೇ ಬಿಡಿ. ನಗು ಅಲೆಯಂತೆ ಹಬ್ಬಿ ಮೂರು ನಾಲ್ಕು ಸೆಕೆಂಡು ಉಳಿದು, ಆಮೇಲೂ ಪಿಸುಮಾತು ನಿಲ್ಲದಿದ್ದರೆ ಮಾತ್ರ ರಿಪೇರಿ ಬೇಕು.

ಕಾರಣವನ್ನು ಈ ಕ್ರಮದಲ್ಲಿ ಹುಡುಕಿ. ಹಿಂದಿನ ದೃಶ್ಯ ತಮಾಷೆಯದ್ದೇ? ಹಾಗಿದ್ದರೆ ಆ ನಗು ಇನ್ನೂ ಗಂಟಲಲ್ಲಿದೆ. ನಡುವೆ ಅರ್ಧ ನಿಮಿಷ ಬಿಡುವು ಬೇಕು: ಖಾಲಿ ಅಡುಗೆಮನೆ, ಕುಕ್ಕರಿನ ವಿಷಲ್, ಮೆಟ್ಟಿಲು ಹತ್ತುವ ಅಪ್ಪನ ಹೆಜ್ಜೆ.

ಎರಡನೆಯದು ಭಾಷೆ. ಇದೇ ಹೆಚ್ಚಾಗಿ ಕೈಕೊಡುವುದು. ಶ್ರೀನಗರದ ಬಾಡಿಗೆ ಮನೆಯ ಹದಿನಾರರ ಹುಡುಗ ‘ನೀವು ನನ್ನನ್ನು ಎಂದಿಗೂ ಅರ್ಥಮಾಡಿಕೊಳ್ಳಲಿಲ್ಲ ಅಪ್ಪಾ’ ಎಂದರೆ ಜನ ನಕ್ಕೇ ನಗುತ್ತಾರೆ. ಅವನು ಹಾಗೆ ಮಾತಾಡುವುದಿಲ್ಲ. ‘ನಿಮಗೆ ಹೇಳಿ ಏನುಪಯೋಗ, ಬಿಡಿ’ ಎಂದು ಬಾಗಿಲ ಕಡೆ ತಿರುಗಿದರೆ ಯಾರೂ ನಗುವುದಿಲ್ಲ. ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಅಪ್ಪನಿಗೆ ‘ನೀನು’ ಅನ್ನುತ್ತಾರೆ, ಎಷ್ಟೋ ಮನೆಗಳಲ್ಲಿ ‘ನೀವು’. ಚಿತ್ರದ ಮನೆಯಲ್ಲಿ ಯಾವುದು ಎಂಬುದು ಮೊದಲ ರೀಲಿನಿಂದ ಒಂದೇ ಸಮ ಇರಬೇಕು. ‘ನೀವು’ ಅನ್ನುತ್ತಿದ್ದವನು ಈ ಒಂದು ದೃಶ್ಯದಲ್ಲಿ ‘ನೀನು’ ಅಂದುಬಿಟ್ಟರೆ ಅದು ಸಿಡಿಲಿನಂಥ ಮಾತಾಗುತ್ತದೆ. ಎರಡೂ ಮೊದಲಿನಿಂದ ಬೆರೆತುಹೋಗಿದ್ದರೆ ಆ ಬಲ ನಿಮಗೆ ಸಿಗುವುದಿಲ್ಲ.

ಮೂರನೆಯದು ತುಟಿಚಲನೆ. ಡಬ್ಬಿಂಗ್ ಮಾಡಿದ ಕೂಗಾಟದಲ್ಲಿ ಮಾತು ಬಾಯಿಗಿಂತ ಮುಂದೆ ಬಂದರೆ ಬೇಗ ಎಡವುತ್ತದೆ. ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಮಾನದಂಡದಂತೆ ಧ್ವನಿ ಸುಮಾರು 45 ಮಿಲಿಸೆಕೆಂಡು ಮುಂದಾದರೆ ಗೊತ್ತಾಗುತ್ತದೆ, ಹಿಂದೆ ಬಿದ್ದರೆ 125ರವರೆಗೆ ಗೊತ್ತಾಗುವುದಿಲ್ಲ. ಸೆಕೆಂಡಿಗೆ 24 ಫ್ರೇಮಿನ ಲೆಕ್ಕದಲ್ಲಿ ಒಂದು ಫ್ರೇಮ್ ಎಂದರೆ ಸುಮಾರು 42 ಮಿಲಿಸೆಕೆಂಡು. ಅಂದರೆ ಮುಂದಕ್ಕೆ ಒಂದೇ ಫ್ರೇಮ್, ಹಿಂದಕ್ಕೆ ಮೂರು. ಸಂಶಯವಿದ್ದರೆ ಹಿಂದಕ್ಕೇ ಸರಿಸಿ. ಹಾಲಿನಲ್ಲಿ 20 ಮೀಟರ್ ದೂರದ ಸಾಲಿಗೆ ಧ್ವನಿ ತಲುಪಲು ಹೇಗೂ ಇನ್ನೊಂದೂವರೆ ಫ್ರೇಮಿನಷ್ಟು ಹೊತ್ತು ಹಿಡಿಯುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಕೊನೆಗೆ ಸಂಗೀತ. ಅಪ್ಪನ ಮುಖ ಬದಲಾಗುವ ಮೊದಲೇ ಪಿಟೀಲು ಶುರುವಾದರೆ ‘ಈಗ ಅಳಿ’ ಎಂದು ಅಪ್ಪಣೆ ಕೊಟ್ಟಂತೆ ಕೇಳುತ್ತದೆ, ಜನ ಒಪ್ಪುವುದಿಲ್ಲ. ಸಂಗೀತ ತೆಗೆದು ಒಮ್ಮೆ ನೋಡಿ. ಬೇಕೇ ಬೇಕು ಎನಿಸಿದರೆ ಮುಖ ಬದಲಾಗಿ ಎರಡು ಮೂರು ಸೆಕೆಂಡಿನ ನಂತರ ಬರಲಿ.

ಪ್ರಶ್ನೆ: ಮನೆಮಂದಿ ಆರು ಜನ ಒಂದು ಕೌಟುಂಬಿಕ ಚಿತ್ರಕ್ಕೆ ಹೋಗಿದ್ದೆವು. ಮಾತೆಲ್ಲ ಪಿಸುಗುಟ್ಟಿದಂತೆ, ಪರದೆ ಮಂಕು. ಅತ್ತೆ ನಿದ್ದೆ ಹೋದರು. ಅದೇ ಚಿತ್ರವನ್ನು ಬೇರೆ ಥಿಯೇಟರಿನಲ್ಲಿ ನೋಡಿದ ತಂಗಿ ಅತ್ತು ಬಂದಳು. ಥಿಯೇಟರಿನಿಂದ ಇಷ್ಟು ವ್ಯತ್ಯಾಸ ಆಗುತ್ತದೆಯೇ? (ಗೃಹಿಣಿ, ವಿಜಯನಗರ)

ಉತ್ತರ: ಖಂಡಿತ ಆಗುತ್ತದೆ, ಅದರಲ್ಲೂ ಇಂಥ ಚಿತ್ರಕ್ಕೆ. ಹೊಡೆದಾಟದ ಚಿತ್ರ ಕಡಿಮೆ ಸದ್ದಿನಲ್ಲೂ ನಡೆದುಹೋಗುತ್ತದೆ, ತಟ್ಟೆಯಲ್ಲಿ ಅನ್ನ ಕಲಸುವ ಸದ್ದಿನ ಮೇಲೆ ನಿಂತ ದೃಶ್ಯ ನಿಲ್ಲುವುದಿಲ್ಲ. ಧ್ವನಿಮಿಶ್ರಣ ಮಾಡುವಾಗ, ಸದ್ದನ್ನು ಏರಿಸಿ ಇಳಿಸುವ ಯಂತ್ರವಾದ ಪ್ರೊಸೆಸರಿನ ಮಟ್ಟ 7ಕ್ಕೆ ಇರುತ್ತದೆ. ಸದ್ದು ಹೆಚ್ಚಾಯಿತೆಂದು ಯಾರೋ ದೂರಿದ ಮೇಲೆ ಥಿಯೇಟರಿನಲ್ಲಿ ಅದನ್ನು 5ಕ್ಕೆ ಇಳಿಸಿ ಹಾಗೇ ಬಿಟ್ಟಿರುವುದುಂಟು. ಆ ಮಾಪನದಲ್ಲಿ 4ರ ಮೇಲೆ ಒಂದು ಅಂಕಿಗೆ ಸುಮಾರು 3.3 ಡೆಸಿಬೆಲ್, ಎರಡಕ್ಕೆ ಹತ್ತಿರ ಹತ್ತಿರ 7. ಪಿಸುಮಾತು ಅಷ್ಟು ಇಳಿದರೆ ಏಸಿಯ ಗುಂಯ್‌ಗುಡುವಿಕೆಯಲ್ಲಿ ಮುಳುಗುತ್ತದೆ. ಬೆಳಕಿಗೂ ಅಳತೆಯಿದೆ: ಪರದೆಯ ನಡುವೆ 14 ಫುಟ್-ಲ್ಯಾಂಬರ್ಟ್. ಪ್ರೊಜೆಕ್ಟರಿನ ಲ್ಯಾಂಪ್ ಹಳೆಯದಾದರೆ ಇದು ಇಳಿಯುತ್ತದೆ, ರಾತ್ರಿ ದೃಶ್ಯಗಳಲ್ಲಿ ಮುಖವೇ ಕಾಣುವುದಿಲ್ಲ.

ಮುಂದಿನ ಸಲ ಮೊದಲ ಹತ್ತು ನಿಮಿಷದಲ್ಲೇ ಒಬ್ಬರು ಹೊರಗೆ ಹೋಗಿ ಮ್ಯಾನೇಜರಿಗೆ ‘ಡೈಲಾಗ್ ಕೇಳ್ತಿಲ್ಲ, ಲೆವೆಲ್ ಎಷ್ಟಿದೆ, ಒಂದು ಪಾಯಿಂಟ್ ಏರಿಸಿ’ ಎಂದು ಹೇಳಿ. ಹೀಗೆ ಕೇಳಿದರೆ ಸಾಮಾನ್ಯವಾಗಿ ಮಾಡುತ್ತಾರೆ. ಸೀಟು ಆರಿಸುವಾಗ ಹಿಂದಿನಿಂದ ಮೂರನೇ ಒಂದು ಭಾಗ ಬಿಟ್ಟು, ಅಗಲದಲ್ಲಿ ನಡುವೆ ಕೂರಿ. ಮಾತು ಬರುವುದು ಪರದೆಯ ಹಿಂದಿನ ನಡುವಿನ ಸ್ಪೀಕರಿನಿಂದ. ಗೋಡೆ ಪಕ್ಕ ಕೂತರೆ ಹಿನ್ನೆಲೆ ಸದ್ದೇ ಮುಂದಾಗಿ ಕೇಳುತ್ತದೆ.

ಪ್ರಶ್ನೆ: ತಾಯಿ ಮಗಳ ಕಥೆಯ ಚಿತ್ರ ನೋಡಿ ನಾನು ಅತ್ತುಬಿಟ್ಟೆ, ಪಿಯುಸಿ ಓದುವ ಮಗಳು ಸಿಟ್ಟಾದಳು. ‘ಕೊನೆಗೂ ಸಾರಿ ಕೇಳಿದ್ದು ಮಗಳೇ ಅಲ್ವಾ’ ಅಂದಳು. ನಾವಿಬ್ಬರೂ ನೋಡಿದ್ದು ಒಂದೇ ಚಿತ್ರವೇ ಎಂದು ಅನುಮಾನ. ಯಾರು ಹೇಳಿದ್ದು ಸರಿ? (ಶಿಕ್ಷಕಿ, ರಾಜಾಜಿನಗರ)

ಉತ್ತರ: ನಿಮ್ಮ ಅನುಮಾನ ಸರಿ, ನೀವು ನೋಡಿದ್ದು ಎರಡು ಚಿತ್ರ. ನೀವು ನೋಡಿದ್ದು ಮಗಳು ಕೈಜಾರುವ ಕಥೆ, ಅವಳು ನೋಡಿದ್ದು ತನ್ನ ಮಾತಿಗೆ ಜಾಗ ಸಿಗದ ಕಥೆ. ಚಿತ್ರ ಯಾರ ಕಡೆ ನಿಂತಿದೆ ಎಂಬುದನ್ನು ಮಾತ್ರ ಅಳೆದು ನೋಡಬಹುದು. ಜಗಳದ ದೃಶ್ಯವೊಂದನ್ನು ತೆಗೆದುಕೊಂಡು, ಒಬ್ಬರ ಮಾತು ಮುಗಿದ ಮೇಲೆ ಕ್ಯಾಮೆರಾ ಯಾರ ಮುಖದ ಮೇಲೆ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಎಣಿಸಿ. ಮಗಳು ಮಾತಾಡುವಾಗಲೂ ಅಮ್ಮನ ಮುಖ, ಅಮ್ಮ ಮಾತಾಡುವಾಗಲೂ ಅಮ್ಮನ ಮುಖ ಎಂದಾದರೆ ಅದು ಅಮ್ಮನ ಚಿತ್ರ. ಮಗಳ ಸಿಟ್ಟಿಗೆ ಆಧಾರ ಸಿಕ್ಕಿತು. ಬಾಗಿಲು ಮುಚ್ಚಿದ ಮೇಲೆ ಕ್ಯಾಮೆರಾ ಕೋಣೆಯ ಒಳಗಿದೆಯೋ ಹೊರಗಿದೆಯೋ ಎಂಬುದು ಇನ್ನೊಂದು ಗುರುತು.

ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ನೆನಪಿಸಿಕೊಳ್ಳಿ. ಕಷ್ಟ ವಿಧವೆ ಯಮುನೆಯದ್ದು, ಆದರೆ ನಾವು ಅದನ್ನು ನೋಡುವುದು ನಾಣಿ ಎಂಬ ಪುಟ್ಟ ಹುಡುಗನ ಜೊತೆ ನಿಂತು. ಅವನಿಗೆ ಅರ್ಧ ಅರ್ಥವಾಗುತ್ತದೆ, ಅರ್ಧ ಆಗುವುದಿಲ್ಲ. ದೊಡ್ಡ ಪ್ರೇಕ್ಷಕರು ಅವನಿಗೆ ತಿಳಿಯದ್ದನ್ನು ತುಂಬಿಕೊಂಡು ನೋಡುತ್ತಾರೆ, ಎಳೆಯರು ಅವನ ಗೊಂದಲವನ್ನೇ ನೋಡುತ್ತಾರೆ. ಒಳ್ಳೆಯ ಚಿತ್ರ ಇಬ್ಬರಿಗೂ ಜಾಗ ಇಟ್ಟಿರುತ್ತದೆ. ಮಗಳು ಮೆಚ್ಚದ ಆ ಕೊನೆಯ ದೃಶ್ಯವನ್ನು ಹೇಗೆ ಬದಲಾಯಿಸುತ್ತಿದ್ದಳು ಎಂದು ಅವಳನ್ನೇ ಕೇಳಿ. ಅಮ್ಮನ ಬಾಯಲ್ಲಿ ಯಾವ ಮಾತು ಹಾಕುತ್ತಾಳೆ ಎಂಬುದನ್ನು ಗಮನವಿಟ್ಟು ಕೇಳಿ.

ಪ್ರಶ್ನೆ: ಪೋಸ್ಟರಿನಲ್ಲಿ ‘ಯುಎ 13+’ ಎಂದಿದೆ. ಮಗಳಿಗೆ ಹನ್ನೊಂದು. ಕರೆದುಕೊಂಡು ಹೋಗಬಹುದೆ? (ಓದುಗರು, ಯಲಹಂಕ)

ಉತ್ತರ: ಹೋಗಬಹುದು, ನಿರ್ಧಾರ ನಿಮ್ಮದು. ಮೊದಲು ‘ಯುಎ’ ಎಂದರೆ ಹನ್ನೆರಡರ ಒಳಗಿನವರಿಗೆ ಹೆತ್ತವರ ಮಾರ್ಗದರ್ಶನ ಎಂದಷ್ಟೇ ಇತ್ತು. ಸಿನಿಮಾಟೋಗ್ರಾಫ್ ಕಾಯ್ದೆಯ 2023ರ ತಿದ್ದುಪಡಿ ಮತ್ತು 2024ರ ನಿಯಮಗಳ ನಂತರ ಅದು 7+, 13+, 16+ ಎಂದು ಮೂರಾಗಿದೆ. ಇವು ಹೆತ್ತವರಿಗೆ ಕೊಡುವ ಸೂಚನೆ, ಬಾಗಿಲಲ್ಲಿ ತಡೆಯುವ ನಿಯಮವಲ್ಲ. ತಡೆಯುವುದು ‘ಎ’ ಇದ್ದರೆ ಮಾತ್ರ. ಕೌಟುಂಬಿಕ ಚಿತ್ರದಲ್ಲಿ ಮಕ್ಕಳನ್ನು ಹೆದರಿಸುವುದು ಬಹುಪಾಲು ಮನೆಯೊಳಗಿನ ಕೂಗಾಟ, ಕುಡಿತ, ಒಬ್ಬರು ಮನೆ ಬಿಟ್ಟು ಹೋಗುವುದು. ನೋಡಿದವರನ್ನು ಈ ಮೂರರ ಬಗ್ಗೆ ವಿಚಾರಿಸಿ. ಮುಗಿದ ಮೇಲೆ ಪಾರ್ಕಿಂಗಿನಲ್ಲೇ ‘ಏನು ಕಲಿತೆ?’ ಎಂದು ಕೇಳಬೇಡಿ. ಎರಡು ದಿನ ಬಿಟ್ಟು, ‘ಆ ಹುಡುಗಿ ಪತ್ರ ಹರಿದು ಹಾಕಿದ್ದು ಯಾಕಿರಬಹುದು?’ ಎಂದು ಪಾತ್ರದ ಬಗ್ಗೆ ಕೇಳಿ. ತನ್ನ ಬಗ್ಗೆ ಹೇಳಲಾಗದ್ದನ್ನು ಮಕ್ಕಳು ಪಾತ್ರದ ಹೆಸರಲ್ಲಿ ಹೇಳುತ್ತಾರೆ.

ಪ್ರಶ್ನೆ: ಆ್ಯಪಿನಲ್ಲಿ ಹತ್ತಕ್ಕೆ ಒಂಬತ್ತೂವರೆ ಅಂಕ ಇತ್ತು. ಹೋಗಿ ನಿರಾಸೆಯಾಯಿತು. ಈ ಅಂಕಗಳನ್ನು ನಂಬಬಹುದೆ? (ಬ್ಯಾಂಕ್ ಉದ್ಯೋಗಿ, ಜಯನಗರ)

ಉತ್ತರ: ಮೊದಲ ದಿನದ ಅಂಕ ಬೇಡ. ಅಂದು ಬರುವವರು ತಂಡದ ಆಪ್ತರು, ಅಭಿಮಾನಿಗಳು. ಮನೆಮಂದಿಯೆಲ್ಲ ಸೇರಿ ಹೋಗುವವರು ಇನ್ನೊಬ್ಬರ ಮಾತು ಕೇಳಿ ಭಾನುವಾರವೋ ಮುಂದಿನ ವಾರವೋ ಹೋಗುತ್ತಾರೆ. ಅಂಕ ಬಿಟ್ಟು ಬರಹ ಓದಿ, ಅದರಲ್ಲೂ ನಡುವಿನ ಅಂಕ ಕೊಟ್ಟವರದ್ದು. ಒಂದು ದೃಶ್ಯವನ್ನು ಹೆಸರಿಸಿ ಮೆಚ್ಚಿ, ಇನ್ನೊಂದನ್ನು ಹೆಸರಿಸಿ ತೆಗಳಿದವರು ಚಿತ್ರವನ್ನು ನಿಜವಾಗಿ ನೋಡಿದ್ದಾರೆ. ಹೀಗೆ ಐದು ಜನ ಸಿಕ್ಕರೆ ಸಾಕು. ಇಷ್ಟವಾದರೆ ಎರಡನೇ ಶುಕ್ರವಾರಕ್ಕೆ ಕಾಯಬೇಡಿ. ಕೂಡಲೇ ಜನ ಬರದ ಚಿತ್ರದ ಆಟಗಳನ್ನು ಎರಡನೇ ವಾರದಲ್ಲಿ ಕಡಿತ ಮಾಡುತ್ತಾರೆ, ಇಲ್ಲವೇ ಯಾರೂ ಹೋಗಲಾಗದ ಹೊತ್ತಿಗೆ ತಳ್ಳುತ್ತಾರೆ.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ಇಂಥದ್ದೊಂದು ಚಿತ್ರ ತೋರಿಸಿ, ಹೆತ್ತವರು ಮಕ್ಕಳ ನಡುವೆ ಚರ್ಚೆ ಇಡುವ ಆಸೆ. ಒಬ್ಬರ ಓಟಿಟಿ ಖಾತೆಯಿಂದ ತೋರಿಸಿದರೆ ಸಾಕೆ? (ನಿವಾಸಿಗಳ ಸಂಘ, ಜೆ.ಪಿ. ನಗರ)

ಉತ್ತರ: ಸಾಲದು. ಆ ಖಾತೆ ಮನೆಯೊಳಗಿನ ಬಳಕೆಗೆ ಮಾತ್ರ. ಚಿತ್ರದ ನಿರ್ಮಾಪಕರಿಗೆ ದಿನಾಂಕ, ಜಾಗ, ಜನಸಂಖ್ಯೆ, ಟಿಕೆಟ್ ಇದೆಯೋ ಇಲ್ಲವೋ ಎಂಬುದನ್ನು ಬರೆದು ಲಿಖಿತ ಅನುಮತಿ ಕೇಳಿ. ಸಣ್ಣ ಚಿತ್ರಗಳ ತಂಡದವರು ಎಷ್ಟೋ ಸಲ ಸಂತೋಷದಿಂದ ಒಪ್ಪಿ ತಾವೇ ಬರುತ್ತಾರೆ. ಚರ್ಚೆಗೆ ಹೆತ್ತವರನ್ನೂ ಮಕ್ಕಳನ್ನೂ ಮೊದಲ ಹದಿನೈದು ನಿಮಿಷ ಎರಡು ಕೋಣೆಗಳಲ್ಲಿ ಬೇರೆ ಬೇರೆ ಕೂರಿಸಿ. ಎರಡೂ ಕಡೆ ‘ಯಾರ ಮೇಲೆ ಸಿಟ್ಟು ಬಂತು?’ ಎಂಬ ಒಂದೇ ಪ್ರಶ್ನೆ ಕೊಟ್ಟು, ಹೆಸರು ಹಾಕದ ಚೀಟಿಯಲ್ಲಿ ಉತ್ತರ ಬರೆಸಿಕೊಳ್ಳಿ. ಆಮೇಲೆ ಎಲ್ಲರನ್ನೂ ಒಟ್ಟಿಗೆ ಕೂರಿಸಿ ಚೀಟಿಗಳನ್ನು ಬೆರೆಸಿ ಓದಿ. ಮೊದಲು ಓದುವುದು ಮಕ್ಕಳಲ್ಲಿ ಒಬ್ಬರಾಗಲಿ. ಮೈಕ್ ಒಂದೇ ಇದ್ದರೆ ಅದು ಸಂಘದ ಅಧ್ಯಕ್ಷರ ಕೈಗೆ ಹೋಗದಂತೆ ನೋಡಿಕೊಳ್ಳಿ.